ಬೆನ್ನಟ್ಟದ ನಾಯಿ: ಅಬ್ರುಝೋ ಬೆಟ್ಟಗಳ ಕುರಿಕಾವಲು ತಳಿಯ ಚರಿತ್ರೆ ಮತ್ತು ಸ್ವಭಾವ



ಕುರಿ ಸಾಕಣೆಯ ಮಾತು ಬಂದಾಗ ನಾವು ತಳಿ, ಉಣ್ಣೆ, ಮಾಂಸ, ಮೇವು, ರೋಗ ಎಂದು ಲೆಕ್ಕ ಹಾಕುತ್ತೇವೆ. ಹಿಂಡಿನ ಮಗ್ಗುಲಲ್ಲಿ ಮಲಗಿದ ನಾಯಿ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಪಶುಗಣತಿಯ ಹಾಳೆಯಲ್ಲಿ ಅದಕ್ಕೊಂದು ಸಂಖ್ಯೆ ಇರಬಹುದು, ಆದರೆ ಅದು ಮಾಡುವ ಕೆಲಸಕ್ಕೆ ಹೆಸರಿಲ್ಲ. ಈ ಸಲದ ಉಪನ್ಯಾಸವನ್ನು ಆ ಕೆಲಸಕ್ಕೇ ಮೀಸಲಿಡುತ್ತೇನೆ ಎಂದಾಗ ಸಂಘಟಕರು ತಡಮಾಡದೆ ಒಪ್ಪಿದರು. ಅವರಿಗೆ ನಾನು ಋಣಿ.

ನಾನು ಆರಿಸಿಕೊಂಡಿರುವುದು ಇಟಲಿಯ ನಾಯಿ. ಆ ದೇಶದ ನಡುಬೆನ್ನಿನಂತೆ ಹಬ್ಬಿರುವ ಅಪೆನೈನ್ ಬೆಟ್ಟಸಾಲಿನಲ್ಲಿ ಅಬ್ರುಝೋ ಎಂಬ ಪ್ರಾಂತವಿದೆ. 2,912 ಮೀಟರ್ ಎತ್ತರದ ಗ್ರಾನ್ ಸಾಸ್ಸೋ ಶಿಖರ, ಅದರ ಕೆಳಗೆ ಕಾಂಪೋ ಇಂಪೆರಾತೋರೆ ಎಂಬ ವಿಶಾಲ ಹುಲ್ಲುಗಾವಲು, ಬೇಸಿಗೆಯಲ್ಲಿ ಅಲ್ಲಿ ಮೇಯುವ ಕುರಿ, ಆ ಕುರಿಗಳ ನಡುವೆ ಕುರಿಯದೇ ಬಣ್ಣದ ದೊಡ್ಡ ನಾಯಿ. ದಾಖಲೆಗಳಲ್ಲಿ ಅದರ ಹೆಸರು ಮಾರೆಮ್ಮಾನೊ-ಅಬ್ರುಝೇಸೆ. ಜಗತ್ತಿನಲ್ಲಿ ಇಂಥ ತಳಿಗಳು ಹಲವಿವೆ. ತುರ್ಕಿಯ ಕಂಗಾಲ್, ಪಿರನೀಸ್‌ನ ಬಿಳಿ ನಾಯಿ, ಹಂಗೆರಿಯ ಕುವಾಸ್, ಟಿಬೆಟಿನ ಮಾಸ್ಟಿಫ್, ನಮ್ಮದೇ ಹಿಮಾಚಲದ ಗದ್ದಿ ನಾಯಿ. ಇವೆಲ್ಲವನ್ನೂ ಬಿಟ್ಟು ಇದನ್ನೇ ಹಿಡಿದದ್ದಕ್ಕೆ ಕಾರಣವಿದೆ. ಇದರ ನಾಡಿನಲ್ಲಿ ಕುರಿಗಾವಲಿನ ನಾಯಿಯ ಬಗ್ಗೆ ಎರಡು ಸಾವಿರ ವರ್ಷದ ಹಿಂದಿನ ಬರಹ ಉಳಿದಿದೆ. ಆ ಬೆಟ್ಟಗಳಿಂದ ತೋಳ ಯಾವತ್ತೂ ಪೂರ್ತಿ ಮಾಯವಾಗಲಿಲ್ಲ, ಹಾಗಾಗಿ ನಾಯಿಯ ಕೆಲಸವೂ ನಿಲ್ಲಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾವಲು ಎಂದರೇನು ಎಂಬುದನ್ನು ಈ ನಾಯಿಯಷ್ಟು ಸ್ಪಷ್ಟವಾಗಿ ಇನ್ನಾವುದೂ ನನಗೆ ಕಲಿಸಿಲ್ಲ. ಕಾವಲು ನಾಯಿಯ ಶಕ್ತಿ ಹಲ್ಲಿನಲ್ಲಿದೆ ಎಂದು ನಾವು ನಂಬಿಕೊಂಡಿದ್ದೇವೆ. ಕಣ್ಣೆದುರು ಮೊಲ ಎದ್ದು ಓಡಿದರೂ ಹಿಂಡನ್ನು ಬಿಟ್ಟು ಹೋಗದಿರುವ ಗುಣದಲ್ಲಿ ಆ ಶಕ್ತಿ ಇದೆ ಎಂಬುದು ನನ್ನ ವಾದ.

ಮೊದಲು ಆಕಾರ ಹೇಳಿಬಿಡುತ್ತೇನೆ. ಗಂಡು ನಾಯಿ ಭುಜದ ಬಳಿ 65ರಿಂದ 73 ಸೆಂಟಿಮೀಟರ್ ಎತ್ತರ, ತೂಕ 35ರಿಂದ 45 ಕಿಲೋ. ಹೆಣ್ಣು ತುಸು ಚಿಕ್ಕದು. ಉದ್ದನೆಯ ಒರಟು ಬಿಳಿ ಕೂದಲು, ಕೆಳಗೆ ದಟ್ಟವಾದ ಮೃದು ಒಳಪದರ. ತಳಿಯ ಅಧಿಕೃತ ಲಕ್ಷಣಪಟ್ಟಿ ಅದರ ತಲೆಯನ್ನು ಹಿಮಕರಡಿಯ ತಲೆಗೆ ಹೋಲಿಸುತ್ತದೆ. ಇಟಲಿಯ ತೋಳ ಸಾಮಾನ್ಯವಾಗಿ 25ರಿಂದ 35 ಕಿಲೋ ತೂಗುತ್ತದೆ. ಒಂದಕ್ಕೊಂದು ಎದುರಾದರೆ ನಾಯಿಯದೇ ಮೇಲುಗೈ ಅನ್ನಿಸಬಹುದು. ಆದರೆ ತೋಳ ಒಂಟಿಯಾಗಿ ಬರುವುದು ಕಡಿಮೆ, ಬರೀ ಮೈತೂಕದಿಂದ ತೀರ್ಮಾನವಾಗುವ ಜಗಳವೂ ಇದಲ್ಲ.

ಈಗ ವಾರೋ ಎಂಬ ರೋಮನ್ ವಿದ್ವಾಂಸನ ಕಡೆಗೆ ಬರೋಣ. ಕ್ರಿ.ಪೂ. 37ರಲ್ಲಿ, ಎಂಬತ್ತರ ಹೊಸ್ತಿಲಲ್ಲಿದ್ದಾಗ, ಆತ ಬೇಸಾಯದ ಬಗ್ಗೆ ಮೂರು ಭಾಗಗಳ ಗ್ರಂಥ ಬರೆದ. ಎರಡನೆಯ ಭಾಗ ಪೂರ್ತಿ ಪಶುಪಾಲನೆಗೆ ಸೇರಿದ್ದು. ಅದರ ಒಂದು ಅಧ್ಯಾಯ ನಾಯಿಯದು. ವಾರೋ ಓದುಮನೆಯಲ್ಲಿ ಕೂತು ಊಹಿಸಿ ಬರೆದವನಲ್ಲ. ಅವನಿಗೇ ಹಿಂಡುಗಳಿದ್ದವು, ಅವು ಚಳಿಗಾಲಕ್ಕೆ ದಕ್ಷಿಣದ ಅಪೂಲಿಯ ಬಯಲಿನಲ್ಲಿ, ಬೇಸಿಗೆಗೆ ರೆಯಾತೆಯ ಬೆಟ್ಟಗಳಲ್ಲಿ ಮೇಯುತ್ತಿದ್ದವು. ನಾಯಿಯನ್ನು ಎಲ್ಲಿಂದ ತರಬೇಕು, ಎಲ್ಲಿಂದ ತರಬಾರದು ಎಂಬ ಬಗ್ಗೆ ಆ ಅಧ್ಯಾಯದಲ್ಲಿ ಬರುವ ಮಾತು ಇವತ್ತಿಗೂ ಬಂಗಾರ. ಬೇಟೆಗಾರರ ಬಳಿ ನಾಯಿ ಕೊಳ್ಳಬೇಡಿ, ಕಟುಕರ ಬಳಿಯೂ ಕೊಳ್ಳಬೇಡಿ. ಕಟುಕರ ನಾಯಿ ಸೋಮಾರಿ, ಹಿಂಡಿನ ಹಿಂದೆ ನಡೆಯುವುದಿಲ್ಲ. ಬೇಟೆಗಾರರ ನಾಯಿ ಮೊಲವನ್ನೋ ಜಿಂಕೆಯನ್ನೋ ಕಂಡರೆ ಕುರಿಯನ್ನು ಮರೆತು ಅದರ ಹಿಂದೆ ಓಡುತ್ತದೆ. ಕುರಿಗಾಹಿಯ ಬಳಿ ಕುರಿಯ ಜೊತೆ ಬೆಳೆದ ನಾಯಿಯನ್ನೇ ಕೊಳ್ಳುವುದು ಒಳ್ಳೆಯದು. ನಾಯಿಯ ನಡವಳಿಕೆಯ ಶಾಸ್ತ್ರ ಹುಟ್ಟುವುದಕ್ಕೆ ಎರಡು ಸಾವಿರ ವರ್ಷ ಮೊದಲೇ, ಒಂದೇ ಪ್ರಾಣಿಯೊಳಗಿನ ಎರಡು ಸ್ವಭಾವಗಳನ್ನು ಒಬ್ಬ ಹಿಂಡಿನ ಯಜಮಾನ ಇಷ್ಟು ಖಚಿತವಾಗಿ ಬೇರ್ಪಡಿಸಿದ್ದ.

ಅದೇ ಅಧ್ಯಾಯದಲ್ಲಿ ಒಂದು ಪ್ರಸಂಗ ಬರುತ್ತದೆ. ಅಮಿತೆರ್ನುಮ್ ಊರಿನ ಪೊಂಟಿಯಾನಸ್ ಎಂಬಾತ ದೂರದ ಉಂಬ್ರಿಯದಲ್ಲಿ ಕುರಿಹಿಂಡುಗಳನ್ನು ಕೊಂಡ. ನಾಯಿಗಳು ಸೇರಿ ವ್ಯಾಪಾರ. ಕುರಿಗಾಹಿಗಳು ಅದರಲ್ಲಿ ಸೇರಿರಲಿಲ್ಲ. ಹಿಂಡನ್ನು ದಕ್ಷಿಣ ಇಟಲಿಯ ಮೆಟಪೊಂಟುಮ್‌ನ ಹುಲ್ಲುಗಾವಲಿಗೆ ತಲುಪಿಸುವವರೆಗೆ ಹಳೆಯ ಕುರಿಗಾಹಿಗಳು ಜೊತೆಗಿರಬೇಕು ಎಂಬ ಕರಾರಿತ್ತು. ತಲುಪಿಸಿ ಅವರು ಊರಿಗೆ ಮರಳಿದರು. ಕೆಲವೇ ದಿನಗಳಲ್ಲಿ ನಾಯಿಗಳೂ ತಾವಾಗಿ ಉಂಬ್ರಿಯಕ್ಕೆ ಬಂದು ಸೇರಿಕೊಂಡವು. ಅನೇಕ ದಿನಗಳ ದಾರಿ. ಹೊಲಗಳಲ್ಲಿ ಸಿಕ್ಕಿದ್ದನ್ನು ತಿಂದುಕೊಂಡೇ ನಡೆದಿದ್ದವು. ಇದನ್ನು ನಾಯಿನಿಷ್ಠೆಯ ಕಥೆ ಎಂದು ಓದುವವರಿದ್ದಾರೆ. ನನಗೆ ಇದರಲ್ಲಿ ಎಚ್ಚರಿಕೆಯೊಂದು ಕಾಣಿಸುತ್ತದೆ. ಆ ನಾಯಿಗಳ ಪ್ರೀತಿ ಮನುಷ್ಯರ ಕಡೆ ಹೆಚ್ಚಾಗಿತ್ತು, ಹಿಂಡಿನ ಕಡೆ ಕಡಿಮೆಯಿತ್ತು. ಪೊಂಟಿಯಾನಸ್‌ನ ಕುರಿಗಳು ಕಾವಲಿಲ್ಲದೆ ಉಳಿದವು. ಮನುಷ್ಯನಿಗೆ ಅಂಟಿಕೊಂಡ ನಾಯಿ ಮನುಷ್ಯ ಹೋದಲ್ಲಿ ಹೋಗುತ್ತದೆ, ಕುರಿಗೆ ಅಂಟಿಕೊಂಡದ್ದು ಕುರಿ ಇದ್ದಲ್ಲಿ ಇರುತ್ತದೆ. ಕುರಿಕಾವಲಿನ ವಿದ್ಯೆಯೆಲ್ಲ ಈ ಎರಡರ ನಡುವಿನ ಹದ.

ಊಟದ ವಿಚಾರಕ್ಕೂ ವಾರೋ ಬರುತ್ತಾನೆ. ಹಾಲಿನಲ್ಲಿ ನೆನೆಸಿದ ಬಾರ್ಲಿ ರೊಟ್ಟಿ ಕೊಡಿ, ಮೂಳೆಯ ಸಾರು ಕೊಡಿ, ಸತ್ತ ಕುರಿಯ ಮಾಂಸ ಮಾತ್ರ ಕೊಡಬೇಡಿ. ರುಚಿ ಹತ್ತಿದರೆ ಹಿಡಿತ ತಪ್ಪುತ್ತದೆ. ಕೊರಳಿಗೆ ದಪ್ಪ ಚರ್ಮದ ಪಟ್ಟಿ, ಅದರ ತುಂಬ ಮೊಳೆ, ಮೊಳೆಯ ತಲೆ ಕತ್ತಿಗೆ ಒತ್ತದಂತೆ ಒಳಗಡೆ ಮೆತ್ತನೆಯ ತೊಗಲು. ಮುಂದಿನದು ಇನ್ನೂ ಸೂಕ್ಷ್ಮ. ಒಂದು ನಾಯಿಯ ಪಟ್ಟಿಯಿಂದ ತೋಳಕ್ಕೆ ಗಾಯವಾದರೆ, ಪಟ್ಟಿಯಿಲ್ಲದ ನಾಯಿಗಳ ಹತ್ತಿರವೂ ಅದು ಸುಳಿಯುವುದಿಲ್ಲ. ಅಬ್ರುಝೋದ ಕುರಿಗಾಹಿಗಳು ಕಬ್ಬಿಣದ ಮುಳ್ಳುಗಳ ಇಂಥದೇ ಪಟ್ಟಿಯನ್ನು ವ್ರೆಕ್ಕಾಲೆ ಎಂದು ಕರೆದು ನಮ್ಮ ಕಾಲದವರೆಗೂ ಉಳಿಸಿಕೊಂಡು ಬಂದಿದ್ದಾರೆ.

ವಾರೋನ ನಂತರ, ಒಂದನೆಯ ಶತಮಾನದಲ್ಲಿ, ಕೊಲುಮೆಲ್ಲಾ ಬರೆದ. ಬಿಳಿ ಬಣ್ಣದ ಕಾರಣವನ್ನು ಬಿಡಿಸಿ ಹೇಳಿದವನು ಆತ. ಮನೆ ಕಾಯುವ ನಾಯಿ ಕಪ್ಪಗಿರಲಿ, ಕಳ್ಳ ಹಗಲಲ್ಲಿ ಕಂಡು ಹೆದರುತ್ತಾನೆ, ಇರುಳಲ್ಲಿ ಕಾಣದೆ ಸಿಕ್ಕಿಬೀಳುತ್ತಾನೆ. ಕುರಿ ಕಾಯುವ ನಾಯಿ ಬಿಳಿಯಿರಲಿ, ನಸುಕಿನಲ್ಲೋ ಮುಸ್ಸಂಜೆಯಲ್ಲೋ ತೋಳವೆಂದು ತಿಳಿದು ಕುರಿಗಾಹಿ ತನ್ನ ನಾಯಿಗೇ ಹೊಡೆಯುವಂತಾಗಬಾರದು. ಪಿರನೀಸ್, ತಾತ್ರಾ ಬೆಟ್ಟಗಳು, ಹಂಗೆರಿ, ತುರ್ಕಿಯ ಪಶ್ಚಿಮ ಭಾಗ, ಇಲ್ಲೆಲ್ಲ ಕಾಣುವ ಬಿಳಿ ಕಾವಲುನಾಯಿಗಳ ಸಾಲನ್ನು ನೋಡಿದರೆ ಕೊಲುಮೆಲ್ಲಾ ಹೇಳಿದ ಕಾರಣ ಬಹಳ ಊರುಗಳಿಗೆ ಬೇರೆಬೇರೆಯಾಗಿಯೇ ಹೊಳೆದಿರಬೇಕು ಅನ್ನಿಸುತ್ತದೆ. ನಾಯಿಯ ಹೆಸರು ತೀರ ಉದ್ದವಿರಬಾರದು, ಎರಡಕ್ಷರಕ್ಕಿಂತ ಚಿಕ್ಕದಾಗಿಯೂ ಇರಬಾರದು ಎಂಬ ಸಲಹೆಯೂ ಅವನದೇ. ಕುರಿನಾಯಿ ಬೇಟೆನಾಯಿಯಷ್ಟು ಸಪೂರ ಬೇಡ, ಅಂಗಳದ ನಾಯಿಯಷ್ಟು ಭಾರವೂ ಬೇಡ ಅನ್ನುತ್ತಾನೆ. ತೋಳ ಕುರಿಯನ್ನು ಕಚ್ಚಿಕೊಂಡು ಓಡಿದರೆ ಹಿಂದೆ ಹೋಗಿ ಬಿಡಿಸಿಕೊಳ್ಳುವಷ್ಟು ಓಟ ಇರಬೇಕು. ಬೆನ್ನಟ್ಟದ ನಾಯಿ ಎಂದು ನಾನು ಹೆಸರಿಟ್ಟಿರುವುದಕ್ಕೆ ಇದು ವಿರುದ್ಧವಲ್ಲವೇ ಎಂದು ನೀವು ಕೇಳಬಹುದು. ಬಿಡಿಸಿಕೊಳ್ಳುವಷ್ಟು ದೂರ ಓಡುವುದು ಒಂದು, ಓಟದ ರುಚಿಗಾಗಿ ಓಡುವುದು ಇನ್ನೊಂದು. ಕಾವಲುನಾಯಿ ತೋಳವನ್ನು ಹಿಂಡಿನಿಂದಾಚೆ ದಬ್ಬಿ ಹಿಂದಿರುಗುತ್ತದೆ.

ವಾರೋ ಹೇಳಿದ ಬೆಟ್ಟ-ಬಯಲಿನ ಓಡಾಟ ಮಧ್ಯಯುಗದಲ್ಲಿ ರಾಜ್ಯದ ಬೊಕ್ಕಸ ತುಂಬುವ ವ್ಯವಸ್ಥೆಯಾಗಿ ಬೆಳೆಯಿತು. 1447ರಲ್ಲಿ ಅರಗಾನ್ ವಂಶದ ಆಲ್ಫೊನ್ಸೋ ದೊರೆ ದಕ್ಷಿಣ ಇಟಲಿಯಲ್ಲಿ ಕುರಿ ಸುಂಕದ ಕಟ್ಟೆಯನ್ನು ಸ್ಥಾಪಿಸಿದ. ಮುಂದೆ ಅದು ಫೋಜಾ ಪಟ್ಟಣದಿಂದ ನಡೆಯಿತು. ಸೆಪ್ಟೆಂಬರಿನಲ್ಲಿ ಹಿಂಡುಗಳು ಅಬ್ರುಝೋ ಬೆಟ್ಟ ಇಳಿದು ಅಪೂಲಿಯದ ಬಯಲಿಗೆ ಬರಬೇಕು, ತಲೆಗಿಷ್ಟು ಎಂದು ಸುಂಕ ಕಟ್ಟಬೇಕು, ಮೇ ತಿಂಗಳಲ್ಲಿ ಮರಳಿ ಹತ್ತಬೇಕು. ಅದಕ್ಕೆಂದೇ ಹುಲ್ಲಿನ ಹೆದ್ದಾರಿಗಳಿದ್ದವು. ತ್ರತ್ತೂರೋ ಎಂದು ಹೆಸರು. ದೊಡ್ಡವು 111 ಮೀಟರ್ ಅಗಲ. ಅಬ್ರುಝೋದ ಲಾಕ್ವಿಲಾದಿಂದ ಫೋಜಾಕ್ಕೆ ಹೋಗುವುದು 244 ಕಿಲೋಮೀಟರ್ ಉದ್ದ. ಅಷ್ಟು ಅಗಲದ ದಾರಿಯನ್ನು ತುಂಬಿಕೊಂಡು ಹಿಂಡಿನ ಮೇಲೆ ಹಿಂಡು ನಡೆಯುವಾಗ, ಪಕ್ಕದ ಹಿಂಡಿನ ನಾಯಿಗೂ ತೋಳಕ್ಕೂ ವ್ಯತ್ಯಾಸ ತಿಳಿಯದ ನಾಯಿ, ದಾರಿಹೋಕರಿಗೆಲ್ಲ ಬಾಯಿ ಹಾಕುವ ನಾಯಿ ಬಹಳ ದಿನ ಉಳಿಯುತ್ತಿರಲಿಲ್ಲ. ಹಿಂಡು ಬಿಟ್ಟು ತಿರುಗುವ ನಾಯಿಯನ್ನು ಯಾರೂ ಸಾಕುತ್ತಿರಲಿಲ್ಲ. ಹೀಗೆ ಪ್ರತಿ ವರ್ಷ ಎರಡು ಸಲ ಆ ದಾರಿಯೇ ನಾಯಿಗಳನ್ನು ಆರಿಸುತ್ತಿತ್ತು. 1806ರಲ್ಲಿ ಸುಂಕದ ವ್ಯವಸ್ಥೆ ರದ್ದಾಯಿತು. ನಡಿಗೆ ಮಾತ್ರ ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು. 2019ರಲ್ಲಿ ಯುನೆಸ್ಕೋ ಈ ಋತುವಲಸೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಬೇರೆ ಹಿಂಡುಗಳು ಚಳಿಗಾಲಕ್ಕೆ ಪಶ್ಚಿಮ ಕರಾವಳಿಯ ಮಾರೆಮ್ಮಾ ಎಂಬ ಜೌಗು ಪ್ರದೇಶಕ್ಕೆ ಇಳಿಯುತ್ತಿದ್ದವು. ಬೇಸಿಗೆಯಲ್ಲಿ ಮಲೇರಿಯಾಕ್ಕೆ ಹೆದರಿ ಜನ ಬಿಟ್ಟೋಡುತ್ತಿದ್ದ ನೆಲ ಅದು. ಹಾಗಾಗಿ ಪಟ್ಟಣದವರು ಚಳಿಗಾಲದಲ್ಲಿ ಕಂಡ ನಾಯಿಗೆ ಮಾರೆಮ್ಮಾದ ಹೆಸರು, ಬೆಟ್ಟದವರ ಬಾಯಲ್ಲಿ ಅಬ್ರುಝೋ ಹೆಸರು. ಇದರ ಮುಂದಿನ ಕಾಗದದ ಕಥೆ ಚಿಕ್ಕದು. 1898ರಲ್ಲಿ ಇಟಲಿಯ ವಂಶಾವಳಿ ಪುಸ್ತಕದಲ್ಲಿ ನಾಲ್ಕು ನಾಯಿ ದಾಖಲಾದವು; 1924ರಲ್ಲಿ ಲುಯಿಜಿ ಗ್ರೊಪ್ಪಿ ಮತ್ತು ಜುಸೆಪ್ಪೆ ಸೊಲಾರೊ ಮೊದಲ ಲಕ್ಷಣಪಟ್ಟಿ ಬರೆದರು; 1958ರಲ್ಲಿ, ವಲಸೆಯ ದಾರಿಯಲ್ಲಿ ಎರಡೂ ಬಗೆಯ ನಾಯಿಗಳು ಎಂದೋ ಬೆರೆತುಹೋಗಿವೆ ಎಂಬ ಕಾರಣ ಕೊಟ್ಟು ಎರಡು ಹೆಸರುಗಳನ್ನು ಒಂದು ಗೆರೆಯಿಂದ ಜೋಡಿಸಲಾಯಿತು. ಪ್ರದರ್ಶನ, ಪದಕಗಳ ಚರಿತ್ರೆಯನ್ನು ನಾನು ಬೆಳೆಸುವುದಿಲ್ಲ. ಈ ನಾಯಿ ರೂಪುಗೊಂಡದ್ದು ಅಲ್ಲಲ್ಲ.

ಇನ್ನು ಸ್ವಭಾವ. ಇಲ್ಲಿ ನಾನು ಚಾರ್ಲ್ಸ್ ಡಾರ್ವಿನ್‌ನಿಂದ ಆರಂಭಿಸಬೇಕು. 1833ರಲ್ಲಿ ಆತ ಇಂದಿನ ಉರುಗ್ವೆಯ ಬಯಲುಗಳಲ್ಲಿ ಕುದುರೆಯೇರಿ ತಿರುಗುತ್ತಿದ್ದಾಗ, ಮನೆಯಿಂದ ಮೈಲಿಗಟ್ಟಲೆ ದೂರದಲ್ಲಿ ದೊಡ್ಡ ಕುರಿಹಿಂಡುಗಳನ್ನು ಒಂದೆರಡು ನಾಯಿಗಳಷ್ಟೇ ಕಾಯುತ್ತಿರುವುದನ್ನು ಕಂಡ. ಮನುಷ್ಯರ ಸುಳಿವೇ ಇಲ್ಲ. ಹೇಗೆ ಇದು ಎಂದು ವಿಚಾರಿಸಿ, ತಿಳಿದದ್ದನ್ನು ತನ್ನ ಪ್ರವಾಸದ ಪುಸ್ತಕದಲ್ಲಿ ಬರೆದಿಟ್ಟ. ಮರಿಯನ್ನು ಎಳೆಯದಾಗಿರುವಾಗಲೇ ತಾಯಿಯಿಂದ ಬಿಡಿಸುತ್ತಾರೆ. ದಿನಕ್ಕೆ ಮೂರುನಾಲ್ಕು ಸಲ ಹೆಣ್ಣು ಕುರಿಯನ್ನು ಹಿಡಿದು ಅದರ ಮೊಲೆ ಉಣ್ಣಿಸುತ್ತಾರೆ. ಕುರಿಯ ದೊಡ್ಡಿಯಲ್ಲೇ ಉಣ್ಣೆಯ ಹಾಸಿಗೆ ಮಾಡುತ್ತಾರೆ. ಬೇರೆ ನಾಯಿಗಳ ಜೊತೆಗಾಗಲಿ, ಮನೆಯ ಮಕ್ಕಳ ಜೊತೆಗಾಗಲಿ ಬೆರೆಯಲು ಬಿಡುವುದಿಲ್ಲ. ಸಾಮಾನ್ಯವಾಗಿ ಬೀಜ ಒಡೆಸುತ್ತಾರೆ. ಹೀಗೆ ಬೆಳೆದ ನಾಯಿಗೆ ಹಿಂಡು ಬಿಟ್ಟು ಹೋಗುವ ಮನಸ್ಸೇ ಬರುವುದಿಲ್ಲ.

ಆ ನಾಯಿ ದಿನಕ್ಕೊಮ್ಮೆ ಮಾಂಸದ ತುಂಡಿಗಾಗಿ ಮನೆಗೆ ಬರುತ್ತದೆ. ತುಂಡು ಸಿಕ್ಕೊಡನೆ ನಾಚಿಕೊಂಡಂತೆ ಓಡಿಹೋಗುತ್ತದೆ. ಮನೆಯ ನಾಯಿಗಳಿಗೆ ಇದೇ ಅವಕಾಶ, ಅಟ್ಟಿಸಿಕೊಂಡು ಹೋಗುತ್ತವೆ. ಹಿಂಡು ತಲುಪಿದ ಕ್ಷಣ ಕುರಿನಾಯಿ ತಿರುಗಿ ನಿಂತು ಬೊಗಳುತ್ತದೆ, ಮನೆಯ ನಾಯಿಗಳೆಲ್ಲ ಬಾಲ ಮುದುರಿ ಹಿಂದಕ್ಕೆ ಓಡುತ್ತವೆ. ಎಲ್ಲಿ ಹೆದರಬೇಕು, ಎಲ್ಲಿ ಹೆದರಬಾರದು ಎಂಬ ವಿವೇಕ ಅದಕ್ಕೆ ಹಿಂಡಿನಿಂದ ಬರುತ್ತದೆ. ಹಿಂಡಿನ ಹೊರಗೆ ಅದೊಂದು ಅಂಜುಬುರುಕ ನಾಯಿ, ಹಿಂಡಿನ ಒಳಗೆ ಅದಕ್ಕೆ ಸರಿಸಾಟಿಯಿಲ್ಲ. ಈ ಪುಟಗಳನ್ನು ನಾನು ಎಷ್ಟೋ ಸಲ ಓದಿದ್ದೇನೆ, ಪ್ರತಿ ಸಲವೂ ಆ ನಾಯಿಯ ಮೇಲೆ ಗೌರವ ಹೆಚ್ಚಿದೆ.

ಡಾರ್ವಿನ್ ಕಂಡದ್ದನ್ನು ಪರೀಕ್ಷೆಗೆ ಒಡ್ಡಿದವರು ಅಮೆರಿಕದ ರೇಮಂಡ್ ಕಾಪಿಂಜರ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ. ಅದಕ್ಕೊಂದು ಹಿನ್ನೆಲೆಯಿದೆ. 1972ರಲ್ಲಿ ಅಧ್ಯಕ್ಷ ನಿಕ್ಸನ್, ಕೇಂದ್ರ ಸರ್ಕಾರದ ಜಮೀನುಗಳಲ್ಲಿ ಬೇಟೆಯಾಡುವ ಪ್ರಾಣಿಗಳಿಗೆ ವಿಷವಿಡುವುದನ್ನು ನಿಷೇಧಿಸಿದರು. ಕುರಿ ಸಾಕುವವರಿಗೆ ಬೇರೆ ದಾರಿ ಬೇಕಾಯಿತು. 1970ರ ದಶಕದ ಕೊನೆಯಲ್ಲಿ ಕಾಪಿಂಜರ್ ದಂಪತಿ ಮ್ಯಾಸಚುಸೆಟ್ಸ್‌ನ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ನೆಲೆ ಮಾಡಿಕೊಂಡು, ಇಟಲಿ, ಯುಗೋಸ್ಲಾವಿಯ, ತುರ್ಕಿಗಳಿಂದ ಮರಿಗಳನ್ನು ತಂದು ರೈತರಿಗೆ ಕೊಟ್ಟರು. ಸಾವಿರಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ವರ್ಷಗಟ್ಟಲೆ ದಾಖಲಿಸಿದರು. ಕೊನೆಗೆ ಅವರು ಒಳ್ಳೆಯ ಕುರಿನಾಯಿಯಲ್ಲಿ ಮೂರು ಗುಣ ಗುರುತಿಸಿದರು. ಕುರಿಗೆ ತಾನೇ ತೊಂದರೆ ಕೊಡಬಾರದು, ಸದಾ ಕುರಿಯ ಜೊತೆಗಿರಬೇಕು, ಅಪಾಯ ಬಂದಾಗ ಅಡ್ಡ ನಿಲ್ಲಬೇಕು. ಈ ಅನುಕ್ರಮವನ್ನು ಪಶುವೈದ್ಯಕೀಯ ವಿದ್ಯಾರ್ಥಿಗಳು ಗಮನಿಸಬೇಕು. ಶೌರ್ಯ ಮೂರನೆಯದು.

ತೋಳ ಬೇಟೆಯಾಡುವಾಗ ಒಂದು ಸರಪಳಿ ಇರುತ್ತದೆ: ದೃಷ್ಟಿ ನೆಡುವುದು, ಹೊಂಚುವುದು, ಬೆನ್ನಟ್ಟುವುದು, ಹಿಡಿಯುವುದು, ಕೊಲ್ಲುವುದು. ಸ್ಕಾಟ್ಲೆಂಡ್ ಗಡಿಯ ಬಾರ್ಡರ್ ಕಾಲಿ ನಾಯಿ, ಸಿಳ್ಳೆಗೆ ತಕ್ಕಂತೆ ಕುರಿಯನ್ನು ಅಟ್ಟಿ ಕೊಡುವ ಜಾಣ ನಾಯಿ, ಈ ಸರಪಳಿಯ ಮೊದಲ ಕೊಂಡಿಗಳನ್ನು ತೀಕ್ಷ್ಣವಾಗಿ ಉಳಿಸಿಕೊಂಡಿದೆ. ಕುರಿ ಅದಕ್ಕೆ ಹೆದರಿಯೇ ನಡೆಯುತ್ತದೆ. ಮಾರೆಮ್ಮಾದಂಥ ನಾಯಿಯಲ್ಲಿ ಈ ಸರಪಳಿ ಎಚ್ಚರಗೊಳ್ಳುವುದೇ ಅಪರೂಪ. ಅದರ ಮುಂದೆ ಕುರಿಮರಿ ಕುಪ್ಪಳಿಸಿ ಓಡಿದರೆ ಅದು ತಲೆ ಎತ್ತಿ ನೋಡಿ ಮತ್ತೆ ಮಲಗುತ್ತದೆ. ಇಷ್ಟು ಹುಟ್ಟಿನಿಂದ ಬಂದದ್ದು. ಮೂರನೆಯ ವಾರದಿಂದ ಸುಮಾರು ಹದಿನಾರನೆಯ ವಾರದವರೆಗೆ ಮರಿ ಯಾರ ಜೊತೆ ಬೆಳೆಯುತ್ತದೋ ಅವರನ್ನೇ ತನ್ನವರೆಂದು ತಿಳಿಯುತ್ತದೆ; ಇದು ಸಾಕಣೆಯಿಂದ ಬರುವುದು. ಈ ವಾರಗಳು ಕಳೆದ ಮೇಲೆ ಎಷ್ಟು ತಿದ್ದಿದರೂ ಫಲ ಕಡಿಮೆ. ಶ್ರೇಷ್ಠ ತಳಿಯ ಮರಿಯನ್ನು ಲಕ್ಷಗಟ್ಟಲೆ ಕೊಟ್ಟು ತಂದು, ಆರು ತಿಂಗಳು ಮನೆಯ ಸೋಫಾದ ಮೇಲೆ ಬೆಳೆಸಿ, ಆಮೇಲೆ ಕುರಿರೊಪ್ಪಕ್ಕೆ ಬಿಟ್ಟರೆ ಅದು ನಿಮ್ಮ ಬಾಗಿಲಿಗೇ ಬಂದು ಅಳುತ್ತದೆ.

ಕೆಲಸದ ರಾತ್ರಿ ಹೇಗಿರುತ್ತದೆ? ಹೆಚ್ಚಾಗಿ ಬೊಗಳುವುದು, ಹಿಂಡಿನ ಸುತ್ತ ಮೂತ್ರದ ಗುರುತು ಹಾಕುವುದು, ತೋಳಕ್ಕೂ ಕುರಿಗೂ ನಡುವೆ ಹೋಗಿ ನಿಲ್ಲುವುದು. ಕಾಪಿಂಜರ್ ಗಮನಿಸಿದ ಮುಖ್ಯ ವಿಚಾರ ಇಲ್ಲಿದೆ. ಬೇಟೆಯ ಸರಪಳಿ ಎಲ್ಲಾದರೂ ತುಂಡಾದರೆ ಬೇಟೆಗಾರ ಮೊದಲಿನಿಂದ ಶುರು ಮಾಡಬೇಕು. ಹೊಂಚುತ್ತಿರುವ ತೋಳದ ಎದುರಿಗೆ ದೊಡ್ಡ ನಾಯಿಯೊಂದು ಬೊಗಳುತ್ತ, ಬಾಲ ಆಡಿಸುತ್ತ, ಜಗಳವೋ ಪರಿಚಯವೋ ತಿಳಿಯದಂತೆ ಬಂದು ನಿಂತರೆ ಹೊಂಚು ಕೆಟ್ಟುಹೋಗುತ್ತದೆ. ಬಹುತೇಕ ರಾತ್ರಿಗಳಲ್ಲಿ ರಕ್ತ ಹರಿಯುವುದಿಲ್ಲ. ಕುರಿ ಬದುಕುತ್ತದೆ, ನಾಯಿ ಬದುಕುತ್ತದೆ, ತೋಳ ಜಿಂಕೆಯನ್ನೋ ಹಂದಿಯನ್ನೋ ಹುಡುಕಿಕೊಂಡು ಹೋಗುತ್ತದೆ. ಬೇಲಿಯೂ ಬಂದೂಕೂ ಮಾಡದ ಕೆಲಸ ಇದು.

ಅಂಕಿಗಳೂ ಇದನ್ನೇ ಹೇಳುತ್ತವೆ. ಆಸ್ಟ್ರೇಲಿಯದಲ್ಲಿ ಲಿಂಡಾ ವಾನ್ ಬೊಮ್ಮೆಲ್ ಮತ್ತು ಕ್ರಿಸ್ ಜಾನ್ಸನ್ ಕಾವಲುನಾಯಿ ಇಟ್ಟ 150 ಮಂದಿ ಸಾಕಣೆದಾರರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇಕಡ 65.7ರಷ್ಟು ಮಂದಿ ನಷ್ಟ ಪೂರ್ತಿ ನಿಂತಿದೆ ಎಂದರು, ಶೇಕಡ 30.2ರಷ್ಟು ಮಂದಿ ಕಡಿಮೆಯಾಗಿದೆ ಎಂದರು. ಅದೇ ಸಂಶೋಧಕರು ಮಾರೆಮ್ಮಾ ನಾಯಿಗಳ ಕೊರಳಿಗೆ ಜಿಪಿಎಸ್ ಕಟ್ಟಿ ನೋಡಿದಾಗ, ಮನುಷ್ಯರ ಮೇಲ್ವಿಚಾರಣೆ ಇಲ್ಲದಿದ್ದರೂ ಅವು ತಮ್ಮ ಸಮಯದ ಸುಮಾರು ಶೇಕಡ 90 ಭಾಗವನ್ನು ಕುರಿ ಮೇಯುವ ಆವರಣಗಳಲ್ಲೇ ಕಳೆಯುತ್ತಿದ್ದವು.

ಆಸ್ಟ್ರೇಲಿಯದ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ವಿಕ್ಟೋರಿಯ ರಾಜ್ಯದ ವಾರ್ನಂಬೂಲ್ ಪಟ್ಟಣದ ಎದುರಿಗೆ ಮಿಡ್ಲ್ ಐಲೆಂಡ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಪುಟಾಣಿ ಪೆಂಗ್ವಿನ್‌ಗಳು ಗೂಡು ಮಾಡುತ್ತವೆ. ನೀರು ಇಳಿದಾಗ ನರಿಗಳು ನಡೆದುಕೊಂಡೇ ದಾಟಿ ಹೋಗಿ, ಎಂಟುನೂರರಷ್ಟಿದ್ದ ಹಕ್ಕಿಗಳನ್ನು 2005ರ ಹೊತ್ತಿಗೆ ಹತ್ತಕ್ಕಿಂತ ಕಡಿಮೆಗೆ ಇಳಿಸಿದ್ದವು. ಅಲನ್ ಮಾರ್ಷ್ ಎಂಬ ಕೋಳಿ ಸಾಕಣೆದಾರರು ತಮ್ಮ ಕೋಳಿಗಳ ಕಾವಲಿಗೆ ಮಾರೆಮ್ಮಾ ನಾಯಿ ಇಟ್ಟುಕೊಂಡಿದ್ದರು. ಕೋಳಿ ಕಾಯುವ ನಾಯಿ ಪೆಂಗ್ವಿನ್ ಯಾಕೆ ಕಾಯಬಾರದು ಎಂಬ ಯೋಚನೆ ಅಲ್ಲಿಂದ ಹುಟ್ಟಿತು. 2006ರಲ್ಲಿ ಆಡ್‌ಬಾಲ್ ಎಂಬ ನಾಯಿ ದ್ವೀಪಕ್ಕೆ ಹೋಯಿತು. ಪೆಂಗ್ವಿನ್‌ಗಳ ಸಂಖ್ಯೆ ನೂರನ್ನು ದಾಟಿ ಏರಿತು. 2015ರಲ್ಲಿ ಇದೇ ಕಥೆ ಚಲನಚಿತ್ರವೂ ಆಯಿತು. ಆದರೆ 2017ರಲ್ಲಿ, ಕಡಲು ಒರಟಾಗಿ ನಾಯಿಗಳನ್ನು ದ್ವೀಪಕ್ಕೆ ಬಿಡಲಾಗದ ದಿನಗಳಲ್ಲಿ, ನರಿ ಮತ್ತೆ ದಾಟಿ ಬಹಳ ಹಕ್ಕಿಗಳನ್ನು ಕೊಂದಿತು. ಈ ಕಾವಲು ಪ್ರತಿದಿನದ್ದು, ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ.

ಇಟಲಿಗೆ ಹಿಂದಿರುಗುತ್ತೇನೆ. 1970ರ ದಶಕದ ಆರಂಭದಲ್ಲಿ ಆ ದೇಶದಲ್ಲಿ ಉಳಿದಿದ್ದ ತೋಳ ಸುಮಾರು ನೂರು; ಎರಿಕ್ ಝಿಮೆನ್ ಮತ್ತು ಲುಯಿಜಿ ಬೊಯಿತಾನಿ ಮಾಡಿದ ಅಂದಾಜು ಅದು. 1971ರಲ್ಲಿ ಕೊಲ್ಲುವುದನ್ನು ನಿಷೇಧಿಸಿದ ಮೇಲೆ ತೋಳ ನಿಧಾನವಾಗಿ ಚೇತರಿಸಿಕೊಂಡಿತು. ಬೆಟ್ಟಸಾಲಿನಗುಂಟ ತಾನಾಗಿ ಉತ್ತರಕ್ಕೆ ನಡೆದು 1992ರಲ್ಲಿ ಫ್ರಾನ್ಸಿನ ಮೆರ್ಕಾಂತೂರ್ ಕಾಡು ತಲುಪಿತು. 2020-21ರ ರಾಷ್ಟ್ರೀಯ ಎಣಿಕೆಯಲ್ಲಿ ಇಟಲಿಯೊಂದರಲ್ಲೇ ಸುಮಾರು 3,300 ತೋಳಗಳಿವೆ ಎಂದು ಅಂದಾಜಾಯಿತು. ಇಲ್ಲಿ ಒಂದೇ ದೇಶದ ಎರಡು ಬೆಟ್ಟಗಳ ಅನುಭವ ಬೇರೆಯಾಯಿತು. ಅಬ್ರುಝೋದಲ್ಲಿ ತೋಳವೂ ಇತ್ತು, ನಾಯಿಯೂ ಇತ್ತು, ನಾಯಿಯನ್ನು ಬೆಳೆಸುವ ವಿದ್ಯೆಯೂ ಇತ್ತು. ಆಲ್ಪ್ಸ್‌ನಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೇ ತೋಳ ನಿರ್ನಾಮವಾಗಿತ್ತು. ಅದರ ಹಿಂದೆಯೇ ಕಾವಲುನಾಯಿ ಹೋಯಿತು, ರಾತ್ರಿ ಕುರಿ ಕೂಡುವ ರೂಢಿಯೂ ಹೋಯಿತು. ಬೇಸಿಗೆಯಿಡೀ ಕುರಿಗಳನ್ನು ಕಾಯುವವರಿಲ್ಲದೆ ಬೆಟ್ಟಕ್ಕೆ ಬಿಡುವುದು ಅಲ್ಲಿ ಅಭ್ಯಾಸವಾಗಿತ್ತು. ತೋಳ ಮರಳಿದಾಗ ಅಲ್ಲಿನವರು ಪಟ್ಟ ಸಂಕಟ ನಿಜವಾದದ್ದು. ಆಲ್ಪ್ಸ್ ಬದಿಯ ಪಿಯೆಮೊಂಟೆ ಪ್ರಾಂತದ ಕುರಿಗಾಹಿಗಳು ಮಾರೆಮ್ಮಾ-ಅಬ್ರುಝೋ ಮರಿಗಳನ್ನು ತರಿಸಿಕೊಂಡು ತಮ್ಮ ಮುತ್ತಜ್ಜಂದಿರು ಬಲ್ಲ ಕೆಲಸವನ್ನು ಹೊಸದಾಗಿ ಕಲಿಯಬೇಕಾಯಿತು.

ಆ ಕಲಿಕೆ ಇನ್ನೂ ಮುಗಿದಿಲ್ಲ. ಬೆಟ್ಟದ ದಾರಿಗಳಲ್ಲಿ ಈಗ ಚಾರಣಿಗರು, ಸೈಕಲ್ ಸವಾರರು, ಅವರ ಸಾಕುನಾಯಿಗಳು. ಹಿಂಡಿನ ನಡುವೆ ನುಗ್ಗಿದವರ ಮೇಲೆ ಕಾವಲುನಾಯಿ ಎರಗಿದ ಪ್ರಕರಣಗಳಿವೆ. ಸೈಕಲ್ ಇಳಿಯಿರಿ, ನಿಲ್ಲಿರಿ, ಕುರಿಗಳನ್ನು ಬಳಸಿಕೊಂಡು ದೂರದಿಂದ ಹೋಗಿರಿ ಎಂಬ ಫಲಕಗಳು ಆಲ್ಪ್ಸ್ ತುಂಬ ಇವೆ. ಕುರಿಗಾಹಿಗಳೂ ಬದಲಾಗಿದ್ದಾರೆ; ಅಬ್ರುಝೋದ ಎಷ್ಟೋ ಹಿಂಡುಗಳ ಹಿಂದೆ ಇಂದು ನಡೆಯುವವರು ರೊಮೇನಿಯ, ಉತ್ತರ ಮ್ಯಾಸಿಡೋನಿಯಗಳಿಂದ ಕೂಲಿಗೆ ಬಂದವರು. 2024ರ ಡಿಸೆಂಬರಿನಲ್ಲಿ, ಯುರೋಪಿನ ವನ್ಯಜೀವಿ ರಕ್ಷಣೆಗಾಗಿ ಇರುವ ಬರ್ನ್ ಒಪ್ಪಂದದ ದೇಶಗಳು ತೋಳದ ರಕ್ಷಣೆಯನ್ನು ಒಂದು ಮೆಟ್ಟಿಲು ಇಳಿಸಿದವು. ಐರೋಪ್ಯ ಒಕ್ಕೂಟವೂ 2025ರಲ್ಲಿ ತನ್ನ ಕಾನೂನು ತಿದ್ದಿತು. ಕುರಿಗಾಹಿಯ ನಷ್ಟವನ್ನು ಹಗುರವಾಗಿ ನೋಡುವವನು ನಾನಲ್ಲ. ಆದರೂ ಬಂದೂಕಿಗೆ ಅನುಮತಿ ಕೊಡುವಷ್ಟು ಸುಲಭವಲ್ಲ, ಕಳೆದುಹೋದ ವಿದ್ಯೆಯನ್ನು ಮರಳಿ ಕಟ್ಟುವುದು. ಆ ಕಷ್ಟದ ಕೆಲಸಕ್ಕೇ ಹಣ ಹೋಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ನಮ್ಮ ನಾಡಿಗೆ ಇದರಿಂದ ಏನು ಎಂಬ ಪ್ರಶ್ನೆ ನಿಮ್ಮಲ್ಲಿ ಇದ್ದೇ ಇದೆ. ಕನ್ನಡನಾಡು ನಾಯಿಯನ್ನು ಗೌರವಿಸದ ನಾಡಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಕಲ್ಲು ನಿಮಗೆ ಗೊತ್ತು. ತಕ್ಕೋಲಮ್ ಕಾಳಗದಲ್ಲಿ ಮೆಚ್ಚುವಂತೆ ಹೋರಾಡಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಡನೆ ಕಾದಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು. ಎರಡೂ ನನ್ನ ಹೆಮ್ಮೆಗಳೇ. ಆದರೆ ಎರಡೂ ಬೇಟೆನಾಯಿಗಳು. ವಾರೋ ಯಾರ ಹತ್ತಿರ ಕೊಳ್ಳಬೇಡಿ ಅಂದನೋ ಅವರ ನಾಯಿಗಳು. ನಾವು ಕಲ್ಲು ನೆಟ್ಟದ್ದೂ ಚೀಟಿ ಅಚ್ಚುಹಾಕಿದ್ದೂ ಬೆನ್ನಟ್ಟುವ ನಾಯಿಗೆ. ಕುರುಬರ ಹಿಂಡಿನ ಜೊತೆ ಊರೂರು ಅಲೆಯುವ, ಹೊಲದಲ್ಲಿ ಕುರಿ ನಿಲ್ಲಿಸಿದ ರಾತ್ರಿ ಬಲೆಯ ಹೊರಗೆ ಮಲಗುವ, ಯಾವ ತಳಿಯೆಂದೂ ಹೇಳಲಾಗದ ನಾಯಿಗೆ ಗೌರವ ಸಿಕ್ಕಿರುವುದು ಮೈಲಾರಲಿಂಗನ ಭಕ್ತರಲ್ಲಿ ಮಾತ್ರ.

ಕೊಪ್ಪಳ, ಗದಗ, ಬಳ್ಳಾರಿ ಕಡೆಯ ಕುರುಚಲು ಬಯಲುಗಳಲ್ಲಿ ತೋಳ ಇನ್ನೂ ಇದೆ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ ಅದು. ಮೇಲುಕೋಟೆಯ ಸುತ್ತ 1974ರಲ್ಲೇ ಅದಕ್ಕಾಗಿ ಅಭಯಾರಣ್ಯ ಮಾಡಿದ ರಾಜ್ಯ ನಮ್ಮದು. ಅಂದರೆ ತೋಳವೂ ಹಿಂಡೂ ನಾಯಿಯೂ ಒಟ್ಟಿಗಿರುವ ಅಬ್ರುಝೋದಂಥ ಸ್ಥಿತಿಯಲ್ಲಿ ನಾವಿನ್ನೂ ಇದ್ದೇವೆ, ಆಲ್ಪ್ಸ್‌ನಂತೆ ಎಲ್ಲ ಕಳೆದುಕೊಂಡ ಸ್ಥಿತಿಗೆ ಬಂದಿಲ್ಲ. ದಯವಿಟ್ಟು ಯಾರೂ ಇಟಲಿಯ ನಾಯಿಯನ್ನು ಕೊಪ್ಪಳಕ್ಕೆ ತರಿಸಬೇಡಿ. ಆ ಕೂದಲಿಗೆ ಏಪ್ರಿಲ್‌ನ ಬಿಸಿಲು ನರಕ, ಅದರ ಹೊಟ್ಟೆಗೆ ಬೇಕಾದಷ್ಟು ಹಾಕುವುದು ಅಲೆಮಾರಿ ಹಿಂಡಿಗೆ ಭಾರ. ಅಲ್ಲಿಂದ ತರಬೇಕಾದದ್ದು ಮರಿ ಬೆಳೆಸುವ ಕ್ರಮ. ಹಿಂಡಿನಲ್ಲೇ ಇದ್ದು ಕುರಿಮರಿಗೆ ಬಾಯಿ ಹಾಕದ ಹೆಣ್ಣುನಾಯಿಯ ಮರಿಯನ್ನು ಆರಿಸಿ, ಐದಾರನೆಯ ವಾರದಲ್ಲಿ ಕುರಿಮರಿಗಳ ದೊಡ್ಡಿಯಲ್ಲೇ ಬಿಟ್ಟು, ಮಕ್ಕಳ ಆಟಿಕೆಯಾಗದಂತೆ ನೋಡಿಕೊಳ್ಳುವುದು. ಅದರ ಜೊತೆಗೆ ರೇಬೀಸ್, ಡಿಸ್ಟೆಂಪರ್ ಲಸಿಕೆ ಕಡ್ಡಾಯ, ಏಕೆಂದರೆ ನಾಯಿಯ ರೋಗ ತೋಳಕ್ಕೂ ದಾಟುತ್ತದೆ. ಹೆಚ್ಚಿನ ನಾಯಿಗಳಿಗೆ ಸಂತಾನಹರಣ ಮಾಡಿಸಬೇಕು, ಏಕೆಂದರೆ ನಾಯಿ-ತೋಳ ಬೆರೆತು ತೋಳದ ರಕ್ತವೇ ತೆಳುವಾಗುವ ತೊಂದರೆ ಇಟಲಿಯಲ್ಲಿ ದೊಡ್ಡದಾಗಿದೆ.

ಸೋಲಿಗೂ ಸಿದ್ಧರಿರಬೇಕು. ಕಾಪಿಂಜರ್ ತಂಡದ ಲೆಕ್ಕದಲ್ಲಿ, ತೆರೆದ ಬಯಲುಗಳಲ್ಲಿ ಕೆಲಸಕ್ಕೆ ಬಿಟ್ಟ ನಾಯಿಗಳಲ್ಲಿ ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ಸತ್ತವು; ವಾಹನಕ್ಕೆ ಸಿಕ್ಕಿ, ಗುಂಡೇಟಿಗೆ ಸಿಕ್ಕಿ, ಕಾಯಿಲೆ ಬಂದು. ನಮ್ಮ ಹೆದ್ದಾರಿಗಳ ಬದಿಯಲ್ಲಿ ನಡೆಯುವ ಹಿಂಡುಗಳಲ್ಲಿ ಇದು ಇನ್ನೂ ಕಷ್ಟ. ಆದ್ದರಿಂದಲೇ ಈ ಪ್ರಯತ್ನದ ಮೊದಲ ವರ್ಷ ದೊಡ್ಡ ಯೋಜನೆ ಬೇಡ, ಸರ್ಕಾರದ ಹೆಸರಿನ ಫಲಕವೂ ಬೇಡ. ಯಾವ ಹಿಂಡಿಗೆ ಯಾವ ಮರಿ ಹೋಯಿತು, ಎಷ್ಟನೇ ವಾರದಲ್ಲಿ ಹೋಯಿತು, ಏನು ತಿಂದಿತು, ಯಾವ ರಾತ್ರಿ ಬೊಗಳಿತು, ಬದುಕಿತೋ ಸತ್ತಿತೋ, ಸತ್ತರೆ ಹೇಗೆ ಎಂದು ಬರೆದಿಡುವ ಒಂದು ಪುಸ್ತಕ ಸಾಕು. ಕುರಿಗಳು ಈಯುವ ಕಾಲಕ್ಕೆ ಸರಿಯಾಗಿ ಮರಿಗಳು ಸಿಗಬೇಕಾದರೆ ಹಿಂಡುಗಳ ಪಟ್ಟಿಯನ್ನು ಈಗಲೇ ಮಾಡಿಕೊಳ್ಳಬೇಕು. ಆಸಕ್ತಿಯಿರುವ ವಿದ್ಯಾರ್ಥಿಗಳು ಸಭೆ ಮುಗಿದ ಕೂಡಲೇ, ದೂರದ ಊರುಗಳಿಂದ ಬಂದು ಹಿಂದಿನ ಸಾಲುಗಳಲ್ಲಿ ಕುಳಿತಿರುವ ಕುರಿಗಾರ ಬಂಧುಗಳ ಬಳಿ ಹೋಗಿ ಕೂತು ಮಾತನಾಡಬೇಕೆಂದು ಕೇಳಿಕೊಳ್ಳುತ್ತೇನೆ. ಅವರು ರಾತ್ರಿಯ ಬಸ್ಸಿಗೆ ಹೊರಡುವವರು, ತಡಮಾಡಬೇಡಿ.